ರೊಟೇಟ್ ಎಂಬ ಮಾತೂ ನಮ್ಮೂರ ತೇರೂ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂದು ಹಿರಿಯರು ಹೇಳಿದ್ದಾರೆ. ಶಬ್ದದ ಮೂಲವನ್ನು ಹುಡುಕಬಾರದೆಂದು ಮಾತ್ರ ಅವರು ಎಲ್ಲಿಯೂ ಹೇಳಿದಂತಿಲ್ಲ. ಆ ಧೈರ್ಯದಿಂದಲೇ ಈ ತಿಂಗಳು ಓದುಗ ಬಂಧುಗಳ ಮುಂದೆ ಒಂದು ಇಂಗ್ಲಿಷ್ ಕ್ರಿಯಾಪದದ ಜಾತಕವನ್ನು ಬಿಚ್ಚಲು ಹೊರಟಿದ್ದೇವೆ. ಅದು ‘ರೊಟೇಟ್’ ಎಂಬ ಶಬ್ದ. ತಿರುಗು, ಸುತ್ತು ಎಂಬುದು ಅದರ ಅರ್ಥವೆಂದು ಶಾಲೆಗೆ ಹೋಗುವ ಮಕ್ಕಳೆಲ್ಲರೂ ಬಲ್ಲರು. ಅರ್ಥ ಬಲ್ಲವರೆಲ್ಲರೂ ಮೂಲವನ್ನು ಬಲ್ಲರೆಂದು ಹೇಳಲಾಗದು. ನಾವೂ ಬಹಳ ವರ್ಷ ಅದನ್ನು ಬಲ್ಲವರಾಗಿರಲಿಲ್ಲ. ಅಷ್ಟೇ ಅಲ್ಲ, ಬಲ್ಲೆವೆಂದು ತಿಳಿದು ಮಕ್ಕಳಿಗೆ ತಪ್ಪನ್ನೇ ಕಲಿಸಿಕೊಂಡು ಬಂದೆವು. ಈ ಲೇಖನವು ಒಂದರ್ಥದಲ್ಲಿ ಆ ತಪ್ಪಿನ ಒಪ್ಪಿಗೆ.

ತರಗತಿಯಲ್ಲಿ ನಡೆದದ್ದು

ನಮ್ಮದು ರಾಯದುರ್ಗದ ಸೀಮೆಯ ಒಂದು ಹಳ್ಳಿಯ ಕನ್ನಡ ಶಾಲೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇವೆರಡರ ಜೊತೆಗೆ ಇಂಗ್ಲಿಷ್. ಮೂರು ಭಾಷೆಗಳ ನಡುವೆ ಬೆಳೆಯುವ ಮಕ್ಕಳ ಕಿವಿ ಬಲು ಚುರುಕು. ಒಂದು ಭಾಷೆಯ ಮಾತು ಇನ್ನೊಂದರಲ್ಲಿ ಕೇಳಿಸಿದೊಡನೆ ಅವರ ಮುಖ ಅರಳುತ್ತದೆ. ಆ ಸಂತೋಷವನ್ನು ಪಾಠಕ್ಕೆ ಬಳಸಿಕೊಳ್ಳಬೇಕೆಂಬ ಆಸೆಯಿಂದ ನಾವು ಪ್ರತಿವರ್ಷವೂ ಏಳನೆಯ ತರಗತಿಯಲ್ಲಿ ಒಂದು ಮಾತು ಹೇಳುತ್ತಿದ್ದೆವು: “ಕನ್ನಡದಲ್ಲಿ ತಿರುಗು, ತೆಲುಗಿನಲ್ಲಿ ತಿರುಗು, ಇಂಗ್ಲಿಷಿನಲ್ಲಿ ಟರ್ನ್. ನೋಡಿ ಮಕ್ಕಳೇ, ಮೂರೂ ಒಂದೇ ಮಾತು!” ಮಕ್ಕಳು ನಗುತ್ತಿದ್ದರು. ನಾವೂ ಹೆಮ್ಮೆಪಡುತ್ತಿದ್ದೆವು.

ಒಮ್ಮೆ ಭೂಮಿಯ ಚಲನೆಯ ಪಾಠ ನಡೆದಿತ್ತು. ‘ರೊಟೇಟ್’ ಎಂಬ ಶಬ್ದವನ್ನು ಕಪ್ಪು ಹಲಗೆಯ ಮೇಲೆ ಬರೆದಿದ್ದೆವು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಎದ್ದು ನಿಂತು, “ಸಾರ್, ಹಾಗಾದರೆ ಈ ರೊಟೇಟ್ ಅನ್ನುವುದು ನಮ್ಮ ಬಾವಿಯ ರಾಟೆಯೇ ಅಲ್ಲವೇ? ಅದೂ ತಿರುಗುತ್ತದೆ” ಎಂದಳು. ನಾವು ಹಿಗ್ಗಿ, “ಭಲೇ ಮಗು, ಅದೇ ಇದು” ಎಂದೆವು. ಮಕ್ಕಳೆಲ್ಲರೂ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಆದರೆ ಅವಳು ಕುಳಿತುಕೊಳ್ಳಲಿಲ್ಲ. ಇನ್ನೊಂದು ಪ್ರಶ್ನೆ ಅವಳ ಬಾಯಲ್ಲಿತ್ತು: “ಸಾರ್, ತಿರುಗು ಎಂಬುದನ್ನು ನಾವು ತೆಲುಗಿನವರಿಂದ ತಂದೆವೇ? ಬೆಂಗಳೂರಿನ ನಮ್ಮ ಅತ್ತೆಯ ಮಕ್ಕಳು, ನಿಮ್ಮ ಕನ್ನಡ ಅರ್ಧ ತೆಲುಗು ಎಂದು ನಗುತ್ತಾರೆ.”

ಇದಕ್ಕೆ ನಮ್ಮಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇವೆ” ಎಂದು ಹೇಳಿ ಆ ದಿನದ ಪಾಠ ಮುಗಿಸಿದೆವು. ಸಂಜೆ ಮನೆಗೆ ಬಂದು, ಬಹಳ ದಿನಗಳಿಂದ ಧೂಳು ಹಿಡಿದಿದ್ದ ನಿಘಂಟುಗಳನ್ನು ಕೆಳಗಿಳಿಸಿದೆವು. ಆ ರಾತ್ರಿ ನಮಗೆ ತಿಳಿದದ್ದು ಇಷ್ಟು: ಯಾವ ಎರಡು ನೆಂಟಸ್ತಿಕೆಗಳನ್ನು ನಾವು ಮಕ್ಕಳಿಗೆ ಹೇಳಿದ್ದೆವೋ ಅವೆರಡೂ ಸುಳ್ಳು. ಯಾವುದು ನಿಜವಾದ ನೆಂಟಸ್ತಿಕೆಯೋ ಅದನ್ನು ನಾವು ಒಮ್ಮೆಯೂ ಹೇಳಿರಲಿಲ್ಲ.

ಗಾಲಿಯಿಂದ ಹುಟ್ಟಿದ ಮಾತು

‘ರೊಟೇಟ್’ ಇಂಗ್ಲಿಷಿನ ಸ್ವಂತ ಮಾತಲ್ಲ. ಅದು ಲ್ಯಾಟಿನ್ನಿನಿಂದ ಬಂದದ್ದು. ರೋಮನರ ಆ ಭಾಷೆಯಲ್ಲಿ ‘ರೋಟಾ’ ಎಂದರೆ ಗಾಲಿ. ‘ರೋಟಾರೆ’ ಎಂದರೆ ಗಾಲಿಯಂತೆ ತಿರುಗಿಸುವುದು. ಇಂಗ್ಲಿಷಿಗೆ ಮೊದಲು ಬಂದು ಸೇರಿದ್ದು ‘ರೊಟೇಶನ್’ ಎಂಬ ನಾಮಪದ, ಹದಿನಾರನೆಯ ಶತಮಾನದಲ್ಲಿ. ‘ರೊಟೇಟ್’ ಎಂಬ ಕ್ರಿಯಾಪದ ಬಳಕೆಗೆ ಬಂದದ್ದು ಅದಕ್ಕೂ ತಡವಾಗಿ. ಮಗಳು ಹುಟ್ಟಿದ ಮೇಲೆ ತಾಯಿ ಹುಟ್ಟಿದಂತೆ, ನಾಮಪದದಿಂದ ಕ್ರಿಯಾಪದ ಹುಟ್ಟಿಕೊಳ್ಳುವುದು ಆ ಭಾಷೆಯಲ್ಲಿ ಅಪರೂಪವೇನೂ ಅಲ್ಲ.

ಈ ರೋಟಾ ಎಂಬ ಒಂದು ಗಾಲಿಯಿಂದ ಹೊರಟ ಮಾತುಗಳು ಎಷ್ಟು ದೂರ ಉರುಳಿ ಬಂದಿವೆ ಎಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಗಾಲಿಯಂತೆ ಗುಂಡಗಿರುವುದು ಲ್ಯಾಟಿನ್ನಿನಲ್ಲಿ ‘ರೊಟುಂಡುಸ್’. ಅದು ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲಿಷಿನ ‘ರೌಂಡ್’ ಆಯಿತು. “ಹೊಲದ ಕಡೆ ಒಂದು ರೌಂಡು ಹೋಗಿ ಬಂದೆ” ಎನ್ನುವ ನಮ್ಮ ರೈತನು ತನಗೆ ತಿಳಿಯದೆಯೇ ರೋಮನರ ಗಾಲಿಯನ್ನು ಉರುಳಿಸುತ್ತಿದ್ದಾನೆ. ಪುಟ್ಟ ಗಾಲಿಗೆ ಲ್ಯಾಟಿನ್ನಿನಲ್ಲಿ ‘ರೊಟುಲಾ’ ಎಂದು ಹೆಸರು. ಅದರಿಂದ ‘ರೋಲ್’ ಬಂದಿತು. ಹಿಂದಿನ ಕಾಲದಲ್ಲಿ ಯುರೋಪಿನವರು ಲೆಕ್ಕಪತ್ರಗಳನ್ನು ಚರ್ಮದ ಹಾಳೆಯ ಮೇಲೆ ಬರೆದು ಸುರುಳಿ ಸುತ್ತಿ ಇಡುತ್ತಿದ್ದುದರಿಂದ ಆ ಸುರುಳಿಗೂ ರೋಲ್ ಎಂಬ ಹೆಸರಾಯಿತು. ಹೆಸರುಗಳ ಪಟ್ಟಿಯಿದ್ದ ಸುರುಳಿಯೂ ರೋಲ್ ಆಯಿತು. ಪ್ರತಿದಿನ ಬೆಳಿಗ್ಗೆ ನಾವು ಹಾಜರಿ ಕರೆಯುವಾಗ ಹೇಳುವ ‘ರೋಲ್ ನಂಬರ್’ ಈ ಸುರುಳಿಯದೇ. ನಾಟಕದವನಿಗೆ ಅವನ ಮಾತುಗಳನ್ನು ಬರೆದು ಕೊಡುತ್ತಿದ್ದ ಸುರುಳಿಯಿಂದ ಪಾತ್ರ ಎಂಬ ಅರ್ಥದ ‘ರೋಲ್’ ಬಂದಿತು.

ಇನ್ನೂ ಒಂದು ಸ್ವಾರಸ್ಯವಿದೆ. ಒಂದು ಲೆಕ್ಕದ ಸುರುಳಿ ಸರಿಯಾಗಿದೆಯೇ ಎಂದು ತಾಳೆ ನೋಡಲು ಅದರ ಇನ್ನೊಂದು ಪ್ರತಿಯನ್ನು ಇಡುತ್ತಿದ್ದರು. ಫ್ರೆಂಚಿನಲ್ಲಿ ಅದು ‘ಕಾಂತ್ರ್ ರೋಲ್’, ಎಂದರೆ ಎದುರು ಸುರುಳಿ. ಅದೇ ಮುಂದೆ ‘ಕಂಟ್ರೋಲ್’ ಆಯಿತು. ಅಕ್ಕಿ ಸಕ್ಕರೆ ಕೊಡುವ ಅಂಗಡಿಯನ್ನು ಕಂಟ್ರೋಲ್ ಅಂಗಡಿ ಎಂದು ಕರೆದು ಅಭ್ಯಾಸವಿರುವ ಹಿರಿಯರಿಗೆ ಈ ಅರ್ಥ ಹೊಂದಿಕೆಯಾಗಿಯೇ ತೋರುವುದು. ಅಲ್ಲಿಯೂ ಇರುವುದು ಲೆಕ್ಕದ ತಾಳೆಯಲ್ಲವೇ!

1905ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಕೆಲವು ಗೆಳೆಯರೊಡನೆ ಒಂದು ಸಂಘ ಕಟ್ಟಿದರು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ಅದಕ್ಕೆ ‘ರೋಟರಿ’ ಎಂಬ ಹೆಸರಿಟ್ಟರು. ನಮ್ಮ ಹೊಲಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಪುಡಿಮಾಡುವ ‘ರೋಟವೇಟರ್’ ಇದೇ ಮನೆತನದ್ದು. ತಿರುಗುವ ಅಲಗುಗಳಿಂದ ನೆಲ ಹದಮಾಡುವ ಪ್ರಯೋಗವನ್ನು ಆಸ್ಟ್ರೇಲಿಯದ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬವರು 1912ರಲ್ಲಿ ಆರಂಭಿಸಿದ್ದರು. ಈ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹಿಂದಿನಿಂದ ಓದಿದರೂ ಅದೇ ಹೆಸರು ಬರುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಆ ಶಬ್ದವನ್ನು ಅವರು ಮತ್ತೆಂದೂ ಮರೆಯುವುದಿಲ್ಲ.

ಉರುಳುಸೇವೆಯ ಪಾಠ

ಅರ್ಥದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಇಂಗ್ಲಿಷಿನಲ್ಲಿ ತಿರುಗುವುದಕ್ಕೆ ಹಲವು ಮಾತುಗಳಿವೆ. ‘ರೊಟೇಟ್’ ಎಂದರೆ ಗಾಲಿಯು ಅಚ್ಚಿನ ಮೇಲೆ ತಿರುಗುವಂತೆ ತನ್ನ ಅಕ್ಷದ ಮೇಲೆಯೇ ತಿರುಗುವುದು. ‘ರಿವಾಲ್ವ್’ ಎಂಬುದು ಲ್ಯಾಟಿನ್ನಿನ ‘ವೊಲ್ವೆರೆ’, ಉರುಳಿಸು ಎಂಬ ಧಾತುವಿಗೆ ‘ರೆ’, ಮರಳಿ ಎಂಬ ಉಪಸರ್ಗ ಸೇರಿ ಆದದ್ದು. ಒಂದು ಸುತ್ತು ಹೋಗಿ ಹೊರಟಲ್ಲಿಗೇ ಮರಳುವುದು ಅದರ ಒಳಗಿನ ಅರ್ಥ. ಕೊಪರ್ನಿಕಸನು ಗ್ರಹಗಳ ಸುತ್ತಾಟವನ್ನು ಕುರಿತು 1543ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದ ಹೆಸರಿನಲ್ಲಿಯೂ ಇದೇ ಮಾತಿದೆ. ರಾಜ್ಯಕ್ರಾಂತಿ ಎಂಬ ಅರ್ಥ ‘ರೆವಲ್ಯೂಷನ್’ ಶಬ್ದಕ್ಕೆ ನೆಲೆಗೊಂಡದ್ದು ಆಮೇಲೆ. ಮೊದಲು ಅದು ಆಕಾಶದ ಮಾತಾಗಿತ್ತು. ‘ಸ್ಪಿನ್’ ಎಂಬುದಕ್ಕೆ ಮೊದಲಿದ್ದ ಅರ್ಥ ನೂಲು ತೆಗೆಯುವುದು. ಗಿರ್ರನೆ ತಿರುಗುವುದೆಂಬ ಅರ್ಥ ಶತಮಾನಗಳ ಮೇಲೆ ಬಂದಿತು.

ಭೂಮಿಯು ತನ್ನ ಮೇಲೆ ತಾನೇ ತಿರುಗುವುದನ್ನು ನಮ್ಮ ಪುಸ್ತಕಗಳು ಅಕ್ಷಭ್ರಮಣ ಎನ್ನುತ್ತವೆ. ಸೂರ್ಯನನ್ನು ಸುತ್ತುವುದನ್ನು ಪರಿಭ್ರಮಣ ಎನ್ನುತ್ತವೆ. ಮೊದಲನೆಯದು ರೊಟೇಟ್, ಎರಡನೆಯದು ರಿವಾಲ್ವ್. ಮಕ್ಕಳು ಪರೀಕ್ಷೆಯಲ್ಲಿ ಇವೆರಡನ್ನೂ ಅದಲುಬದಲು ಮಾಡುವುದನ್ನು ನಾವು ಪ್ರತಿವರ್ಷ ಕಂಡಿದ್ದೇವೆ. ಇದಕ್ಕೆ ನಾವು ಕಂಡುಕೊಂಡ ಉಪಾಯ ದೇವಸ್ಥಾನದ್ದು. ಹರಕೆ ಹೊತ್ತವರು ಉರುಳುಸೇವೆ ಮಾಡುವುದನ್ನು ಹಳ್ಳಿಯ ಮಕ್ಕಳೆಲ್ಲರೂ ನೋಡಿರುತ್ತಾರೆ. ಭಕ್ತನು ತನ್ನ ಮೈಯನ್ನೇ ಅಚ್ಚಾಗಿ ಮಾಡಿಕೊಂಡು ಹೊರಳುತ್ತಾನೆ, ಅದು ರೊಟೇಟ್. ಹೊರಳುತ್ತಲೇ ಗುಡಿಯನ್ನು ಒಂದು ಸುತ್ತು ಬರುತ್ತಾನೆ, ಅದು ರಿವಾಲ್ವ್. ಭೂಮಿತಾಯಿ ಸೂರ್ಯನಿಗೆ ಮಾಡುತ್ತಿರುವುದು ಉರುಳುಸೇವೆಯೇ ಎಂದು ಹೇಳಿದ ಮೇಲೆ ನಮ್ಮ ತರಗತಿಯಲ್ಲಿ ಆ ಗೊಂದಲ ಬಹುಮಟ್ಟಿಗೆ ತೀರಿತು.

ದೂರದ ನೆಂಟ

ಈಗ ನಿಜವಾದ ನೆಂಟಸ್ತಿಕೆಯ ಮಾತಿಗೆ ಬರೋಣ. ಲ್ಯಾಟಿನ್ನಿನ ‘ರೋಟಾ’ ಎಂಬ ಮಾತಿಗೆ ಭಾರತದಲ್ಲಿ ಒಬ್ಬ ದಾಯಾದಿ ಇದ್ದಾನೆ. ಅವನು ಬಾವಿಯ ರಾಟೆಯಲ್ಲ; ಸಂಸ್ಕೃತದ ‘ರಥ’.

1786ರಲ್ಲಿ ಕಲ್ಕತ್ತೆಯ ನ್ಯಾಯಾಧೀಶರಾಗಿದ್ದ ಸರ್ ವಿಲಿಯಂ ಜೋನ್ಸ್ ಅವರು ಏಷ್ಯಾಟಿಕ್ ಸೊಸೈಟಿಯಲ್ಲಿ ಭಾಷಣ ಮಾಡುತ್ತ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಈ ಮೂರೂ ಈಗ ಬಹುಶಃ ಉಳಿದಿರದ ಒಂದು ಮೂಲದಿಂದ ಹುಟ್ಟಿರಬೇಕೆಂಬ ಅಭಿಪ್ರಾಯವನ್ನು ಮುಂದಿಟ್ಟರು. ಆಮೇಲೆ ಬಂದ ಫ್ರಾಂಜ್ ಬಾಪ್, ರಾಸ್ಕ್, ಯಾಕೋಬ್ ಗ್ರಿಮ್ ಮೊದಲಾದ ಪಂಡಿತರು ಇದನ್ನು ಊಹೆಯಾಗಿ ಬಿಡದೆ ನಿಯಮವಾಗಿ ಕಟ್ಟಿದರು. ಅವರ ವಿಧಾನದ ತಿರುಳು ಇಷ್ಟೇ: ಎರಡು ಮಾತುಗಳು ಒಂದೇ ಬಗೆಯಾಗಿ ಕೇಳಿಸಿದರೆ ಸಾಲದು, ಒಂದು ಭಾಷೆಯ ಧ್ವನಿಗೆ ಇನ್ನೊಂದರಲ್ಲಿ ಯಾವ ಧ್ವನಿ ನಿಲ್ಲುತ್ತದೆಂಬುದು ಹತ್ತಾರು ಮಾತುಗಳಲ್ಲಿ ಒಂದೇ ಕ್ರಮದಲ್ಲಿ ಕಾಣಬೇಕು. ಸಂಸ್ಕೃತದ ಪಿತೃ ಇಂಗ್ಲಿಷಿನಲ್ಲಿ ‘ಫಾದರ್’, ಪಾದ ‘ಫುಟ್’. ಪಕಾರವಿದ್ದಲ್ಲಿ ಇಂಗ್ಲಿಷಿನ ಮನೆತನದಲ್ಲಿ ಫಕಾರ ಬರುವುದು ಹೀಗೆ ಕ್ರಮವಾಗಿ ಕಾಣುತ್ತದೆ.

ಲ್ಯಾಟಿನ್ನಿನ ಒಕಾರಕ್ಕೆ ಸಂಸ್ಕೃತದಲ್ಲಿ ಅಕಾರ ನಿಲ್ಲುವುದೂ ಹೀಗೆಯೇ ಕ್ರಮಬದ್ಧ. ಎಂಟು ಎಂಬುದು ಲ್ಯಾಟಿನ್ನಿನಲ್ಲಿ ‘ಒಕ್ಟೋ’, ಸಂಸ್ಕೃತದಲ್ಲಿ ‘ಅಷ್ಟ’. ಕುರಿಗೆ ಅಲ್ಲಿ ‘ಒವಿಸ್’, ಇಲ್ಲಿ ‘ಅವಿ’. ಅದೇ ಕ್ರಮದಲ್ಲಿ ಅಲ್ಲಿ ‘ರೋಟಾ’, ಇಲ್ಲಿ ‘ರಥ’. ಸಾಕ್ಷಿ ಇವೆರಡೇ ಅಲ್ಲ. ಲಿಥುವೇನಿಯದ ಭಾಷೆಯಲ್ಲಿ ಗಾಲಿಗೆ ‘ರಾತಸ್’, ಜರ್ಮನಿನಲ್ಲಿ ‘ರಾಡ್’, ಹಳೆಯ ಐರಿಷಿನಲ್ಲಿ ‘ರೋಥ್’. ಓಡು, ಉರುಳು ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿನಿಂದ ಇವೆಲ್ಲ ಹೊರಟಿವೆ. ಪಡುವಣದವರು ಗಾಲಿಗೆ ಆ ಹೆಸರಿಟ್ಟರು. ನಮ್ಮವರು ಗಾಲಿಯುಳ್ಳ ವಾಹನಕ್ಕೇ ಇಟ್ಟರು.

ಹಾಗಾದರೆ ಇಂಗ್ಲಿಷಿನ ಸ್ವಂತ ಗಾಲಿಯಾದ ‘ವ್ಹೀಲ್’ ಎಲ್ಲಿಯದು? ಅದು ನಮ್ಮ ‘ಚಕ್ರ’ದ ದಾಯಾದಿ. ಗ್ರೀಕರಲ್ಲಿ ಅದೇ ‘ಕುಕ್ಲೊಸ್’. ಅದರಿಂದ ‘ಸೈಕಲ್’ ಬಂದಿತು. ಪರ್ಷಿಯದಲ್ಲಿ ಅದೇ ‘ಚರ್ಖ್’. ಅದರಿಂದ ನೂಲುವ ‘ಚರಕ’ ಬಂದಿತು. ಚಕ್ರ, ಸೈಕಲ್, ಚರಕ, ವ್ಹೀಲ್ ಇವು ನಾಲ್ಕೂ ಒಂದೇ ತೊಟ್ಟಿಲಲ್ಲಿ ಆಡಿದವು ಎಂದರೆ ಕೇಳಿದವರು ನಂಬಲಾರರು. ಕಿವಿಗೆ ಅವು ಎಷ್ಟು ಬೇರೆಯೋ ಚರಿತ್ರೆಯಲ್ಲಿ ಅಷ್ಟು ಹತ್ತಿರ.

ಈ ಮಾತುಗಳ ಪಯಣಕ್ಕೆ ಮಣ್ಣಿನ ಸಾಕ್ಷಿಯೂ ಇದೆ. ಗಾಲಿಯ ಬಳಕೆಯ ಅತಿ ಹಳೆಯ ಕುರುಹುಗಳು ಸುಮಾರು ಕ್ರಿ.ಪೂ. 3500ರ ಆಸುಪಾಸಿನವು. ಸ್ಲೊವೇನಿಯ ದೇಶದ ಜೌಗು ನೆಲದಲ್ಲಿ 2002ರಲ್ಲಿ ದೊರೆತ ಮರದ ಗಾಲಿಗೆ ಐದು ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಟರ್ಕಿ ದೇಶದ ಬೊಗಾಜ್‌ಕೊಯಿ ಎಂಬಲ್ಲಿ, ಪ್ರಾಚೀನ ಹಿಟ್ಟೈಟ್ ಅರಸರ ರಾಜಧಾನಿಯ ಅವಶೇಷಗಳಲ್ಲಿ, ರಥದ ಕುದುರೆಗಳನ್ನು ಪಳಗಿಸುವ ಕ್ರಮವನ್ನು ತಿಳಿಸುವ ಮಣ್ಣಿನ ಹಲಗೆಗಳು ದೊರೆತಿವೆ. ಅವು ಸುಮಾರು ಕ್ರಿ.ಪೂ. ಹದಿನಾಲ್ಕನೆಯ ಶತಮಾನದವು, ಕ್ರಮವನ್ನು ಹೇಳಿದವನು ಮಿತಾನ್ನಿ ರಾಜ್ಯದ ಕಿಕ್ಕುಲಿ ಎಂಬ ಅಶ್ವಶಿಕ್ಷಕ. ಕುದುರೆಯನ್ನು ಎಷ್ಟು ಸುತ್ತು ಓಡಿಸಬೇಕೆಂಬುದಕ್ಕೆ ಅವನು ಬಳಸಿದ ಮಾತುಗಳು ‘ಐಕ ವರ್ತನ್ನ, ತೇರ ವರ್ತನ್ನ, ಪಂಜ ವರ್ತನ್ನ, ಸತ್ತ ವರ್ತನ್ನ, ನವ ವರ್ತನ್ನ’. ಒಂದು, ಮೂರು, ಐದು, ಏಳು, ಒಂಬತ್ತು ಸುತ್ತು! ಏಕ, ಪಂಚ, ಸಪ್ತ, ನವ ಎಂದು ಬಲ್ಲ ನಮಗೆ ಇದಕ್ಕೆ ಟೀಕೆ ಬೇಕಿಲ್ಲ. ಇಲ್ಲಿರುವ ‘ವರ್ತನ’ವೇ ವರ್ತುಲ, ಆವರ್ತ, ಚಕ್ರವರ್ತಿ ಎಂಬ ಮಾತುಗಳಲ್ಲಿದೆ. ಲ್ಯಾಟಿನ್ನಿನಲ್ಲಿ ಇದರ ದಾಯಾದಿಯಿಂದ ಹುಟ್ಟಿದ ಒಂದು ಮಾತನ್ನು ನಮ್ಮ ಲಾರಿ ಚಾಲಕರು ದಿನವೂ ಆಡುತ್ತಾರೆ, ಅದು ‘ರಿವರ್ಸ್’.

ಸುಳ್ಳು ನೆಂಟರು

ಇಷ್ಟಾದ ಮೇಲೆ ನಮ್ಮ ತಪ್ಪುಗಳ ಸರದಿ. ರಾಟೆಯು ರೋಟಾದಂತೆ ಕೇಳಿಸುತ್ತದೆ, ರೋಟಾದಂತೆ ತಿರುಗುತ್ತದೆ. ಆದರೂ ಅದರ ವಂಶ ಬೇರೆ. ನೀರೆತ್ತುವ ಚಕ್ರಕ್ಕೆ ಸಂಸ್ಕೃತದಲ್ಲಿ ‘ಅರಘಟ್ಟ’ ಎಂದು ಹೆಸರು. ಅದು ಪ್ರಾಕೃತದಲ್ಲಿ ‘ರಹಟ್ಟ’ ಆಯಿತು, ಮರಾಠಿಯಲ್ಲಿ ‘ರಹಾಟ’ ಆಯಿತು. ನಮ್ಮ ರಾಟೆ ಈ ದಾರಿಯಿಂದ ಬಂದದ್ದೆಂದು ವಿದ್ವಾಂಸರ ಅಭಿಪ್ರಾಯ. ಮೊದಲಿದ್ದ ಅಕಾರ ಬಿದ್ದುಹೋಗಿ, ನಡುವಿನ ಘಕಾರ ಹಕಾರವಾಗಿ ಕೊನೆಗೆ ಅಳಿದು, ದಾರಿಯಲ್ಲಿ ಸವೆದು ಸವೆದು ರೋಟಾದ ಮುಖವನ್ನು ಹೋಲುವಂತಾಯಿತು. ಸಂತೆಯಲ್ಲಿ ನಮ್ಮ ಮನೆಯವರನ್ನೇ ಹೋಲುವ ಅಪರಿಚಿತರು ಸಿಗುವುದಿಲ್ಲವೇ? ಹಾಗೆ.

ಇನ್ನು ‘ಟರ್ನ್’. ಅದರ ಹಿಂದಿನ ಹೆಜ್ಜೆಗಳನ್ನು ಹಿಡಿದು ಹೋದರೆ ಲ್ಯಾಟಿನ್ನಿನ ‘ತೊರ್ನಾರೆ’, ಅದಕ್ಕೂ ಹಿಂದೆ ಗ್ರೀಕಿನ ‘ತೊರ್ನೊಸ್’ ಸಿಗುತ್ತದೆ. ತೊರ್ನೊಸ್ ಎಂದರೆ ಮರವನ್ನು ಗುಂಡಗೆ ಕಡೆಯುವ ಸಾಧನ, ಇಂದಿನ ಲೇತಿನ ಅಜ್ಜ. ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನನ್ನು ಇಂದಿಗೂ ‘ಟರ್ನರ್’ ಎನ್ನುತ್ತಾರೆ, ಐ.ಟಿ.ಐ.ಯಲ್ಲಿ ಆ ಹೆಸರಿನ ತರಬೇತಿಯೇ ಇದೆ. ಹೀಗೆ ಆ ಮಾತು ತನ್ನ ಹಳೆಯ ಅರ್ಥವನ್ನು ಕಾರ್ಖಾನೆಯಲ್ಲಿ ಕಾಪಾಡಿಕೊಂಡು ಬಂದಿದೆ. ನಮ್ಮ ತಿರುಗಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ತಕಾರ ರಕಾರಗಳು ಎರಡರಲ್ಲಿಯೂ ಇರುವುದು ಆಕಸ್ಮಿಕ. ಜಗತ್ತಿನಲ್ಲಿ ಸಾವಿರಾರು ಭಾಷೆಗಳು, ಮನುಷ್ಯನ ಬಾಯಿಗೆ ಒಗ್ಗುವ ಧ್ವನಿಗಳು ಕೆಲವೇ. ಕಾಕತಾಳೀಯ ನಡೆಯದಿದ್ದರೆ ಅದೇ ಆಶ್ಚರ್ಯ. ಕೆಟ್ಟದ್ದು ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಬ್ಯಾಡ್’, ಪರ್ಷಿಯನ್ನಿನಲ್ಲಿಯೂ ‘ಬದ್’. ಆದರೂ ಇವೆರಡಕ್ಕೂ ನೆಂಟಸ್ತಿಕೆಯಿಲ್ಲವೆಂಬುದು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಮೊದಲು ಕಲಿಯುವ ಎಚ್ಚರಿಕೆಯ ಪಾಠ.

ತಿರುಗು ಯಾರದು?

ಉಳಿದದ್ದು ಹುಡುಗಿಯ ಎರಡನೆಯ ಪ್ರಶ್ನೆ. ನಮ್ಮ ಮಟ್ಟಿಗೆ ಅದೇ ದೊಡ್ಡದು.

1816ರಲ್ಲಿ ಮದರಾಸಿನಲ್ಲಿ ಎ. ಡಿ. ಕ್ಯಾಂಬೆಲ್ ಅವರ ತೆಲುಗು ವ್ಯಾಕರಣ ಅಚ್ಚಾಯಿತು. ಅದರ ಪೀಠಿಕೆಗೆ ಮದರಾಸಿನ ಕಲೆಕ್ಟರಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ ಒಂದು ಟಿಪ್ಪಣಿ ಬರೆದರು. ತಮಿಳು, ತೆಲುಗು, ಕನ್ನಡ ಧಾತುಗಳನ್ನು ಅಕ್ಕಪಕ್ಕದಲ್ಲಿಟ್ಟು, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ತಮ್ಮದೇ ಆದ ಒಂದು ಮೂಲದಿಂದ ಬಂದವು ಎಂದು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ಲರು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದರು. 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಮುದ್ರಣವಾಯಿತು. 1961ರಲ್ಲಿ ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿ ಕೋಶ ಹೊರಬಂದಿತು. 1984ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿತು. ಎಮಿನೋ ಅವರು ನೀಲಗಿರಿಯ ತೋಡರ, ಕೋತರ ನಡುವೆ ಕುಳಿತು ಅವರ ನುಡಿಗಳನ್ನು ಬರೆದುಕೊಂಡವರು. ನಮ್ಮ ನೀಲಗಿರಿಯ ಓದುಗರಿಗೆ ಇದು ಹೆಮ್ಮೆಯ ಸಂಗತಿ.

ಈ ಕೋಶಗಳನ್ನು ತೆರೆದರೆ ತಿರುಗಿನ ಕುಟುಂಬ ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ತಿರಿ, ತಿರುಗು, ತಿರುವು, ತಿರುಪು. ತೆಲುಗಿನಲ್ಲಿ ತಿರುಗು. ತಮಿಳಿನಲ್ಲಿ ತಿರಿ. ಮಲೆಯಾಳದಲ್ಲಿ ತಿರಿಯುಗ. ತುಳುವಿನಲ್ಲಿ ತಿರ್ಗುನಿ. ಕಾಸರಗೋಡಿನ ಮನೆಗಳಲ್ಲಿ ಮಲೆಯಾಳದವರು ದೀಪದ ಬತ್ತಿಯನ್ನು ‘ತಿರಿ’ ಎನ್ನುವುದು ಅದನ್ನು ಹೊಸೆದು ತಿರುಚುವುದರಿಂದ. ನಮ್ಮ ಸೀಮೆಯ ತೆಲುಗರು ಬೀಸುವ ಕಲ್ಲನ್ನು ‘ತಿರುಗಲಿ’ ಎನ್ನುವುದು ಅದು ತಿರುಗುವುದರಿಂದ. ಬಡಗಿಯ ತಿರುಪುಮೊಳೆಯೂ ಅದೇ ಬಳಗ.

ಹೀಗಿರುವಲ್ಲಿ, ತಿರುಗು ಎಂಬುದನ್ನು ಕನ್ನಡವು ತೆಲುಗಿನಿಂದ ಸಾಲ ತಂದಿತೇ ಎಂಬ ಪ್ರಶ್ನೆಗೆ ಎಡೆಯೇ ಇಲ್ಲ. ತೆಲುಗು ನಮ್ಮಿಂದ ತಂದದ್ದೂ ಅಲ್ಲ. ತಾಯಿಯ ಮನೆಯಿಂದ ಅಕ್ಕತಂಗಿಯರು ತಲಾ ಒಂದೊಂದು ಕಡಗೋಲನ್ನು ಒಯ್ದರೆ, ನೀನು ಅವಳಿಂದ ಕದ್ದೆಯಾ ಎಂದು ಯಾರನ್ನು ಕೇಳುವುದು? ಗಡಿನಾಡಿನ ನಮ್ಮ ಮಾತಿನಲ್ಲಿ ನೆರೆಯ ಭಾಷೆಯ ಮಾತುಗಳು ಸೇರಿಲ್ಲವೆಂದು ನಾವು ಹೇಳುತ್ತಿಲ್ಲ. ಸೇರಿವೆ; ಸೇರುವುದು ಜೀವಂತ ಭಾಷೆಯ ಲಕ್ಷಣ. ನಾಲ್ಕು ಭಾಷೆಗಳಿಂದ ಮಾತು ತಂದ ಇಂಗ್ಲಿಷಿಗೆ ಯಾರೂ ಅದಕ್ಕಾಗಿ ನಗುವುದಿಲ್ಲ. ಆದರೆ ಯಾವುದು ಸಾಲ, ಯಾವುದು ಪಿತ್ರಾರ್ಜಿತ ಎಂಬುದನ್ನು ತಿಳಿಯದೆ ತಲೆ ತಗ್ಗಿಸುವುದು ಬೇಡ. ತಿಳಿಯದೆ ತಲೆ ಎತ್ತುವುದೂ ಬೇಡ. ಟರ್ನ್ ನಮ್ಮದೆಂದು ಕಲಿಸಿದ ನಮ್ಮ ಹೆಮ್ಮೆ, ತಿರುಗು ನಮ್ಮದಲ್ಲವೇನೋ ಎಂಬ ಆ ಮಗುವಿನ ನಾಚಿಕೆ, ಎರಡೂ ಒಂದೇ ಅಜ್ಞಾನದ ಎರಡು ಮುಖಗಳು.

ಇನ್ನೊಂದು ಸೂಕ್ಷ್ಮವನ್ನೂ ಮರೆಯಬಾರದು. ರೋಟಾದ ದಾಯಾದಿಯಾದ ರಥವು ಸಂಸ್ಕೃತದ್ದು. ಕನ್ನಡಕ್ಕೆ ಅದು ಬಹಳ ಹಿಂದೆಯೇ ಬಂದು ಮನೆಯವನಂತೆಯೇ ಆದ ಅತಿಥಿ. ನಮ್ಮ ಸ್ವಂತ ಮಾತು ‘ತೇರು’. ತಮಿಳರಿಗೂ ಮಲೆಯಾಳದವರಿಗೂ ಅದು ತೇರ್, ತೆಲುಗರಿಗೂ ತೇರು. ವರ್ಷಕ್ಕೊಮ್ಮೆ ನಮ್ಮೂರಿನಲ್ಲಿ ತೇರು ಎಳೆಯುತ್ತಾರೆ. ಅಚ್ಚಿಸಿದ ಆಹ್ವಾನಪತ್ರಿಕೆಯಲ್ಲಿ ‘ರಥೋತ್ಸವ’ ಎಂದಿರುತ್ತದೆ. ಜನರ ಬಾಯಲ್ಲಿ ‘ತೇರು’ ಎಂದಿರುತ್ತದೆ. ಒಂದೇ ಮರದ ಗಾಲಿಗೆ ಎರಡು ವಂಶದ ಹೆಸರುಗಳು. ಬಾಳೆಹಣ್ಣು ದವನ ಎಸೆಯುವ ಕೈಗಳಿಗೆ ಎರಡೂ ಬೇಕು.

ಮರುದಿನ

ಮರುದಿನ ತರಗತಿಗೆ ಹೋಗಿ, “ಮಕ್ಕಳೇ, ನಾವು ನಿಮಗೆ ತಪ್ಪು ಹೇಳಿಕೊಟ್ಟಿದ್ದೆವು” ಎಂದೆವು. ಬಹಳ ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ಈ ವಾಕ್ಯವನ್ನು ನಾವು ಆಡಿದ್ದು ಎಷ್ಟು ಸಲವೆಂದು ಲೆಕ್ಕ ಹಾಕಿದರೆ ಬೆರಳುಗಳು ಉಳಿಯುತ್ತವೆ. ಒಂದು ಕ್ಷಣ ತರಗತಿ ನಿಶ್ಶಬ್ದವಾಯಿತು. ಆಮೇಲೆ ರೋಟಾ, ರಥ, ರಾಟೆ, ಟರ್ನ್, ತಿರುಗು ಇವುಗಳನ್ನು ಹಲಗೆಯ ಮೇಲೆ ಬರೆದು, ಯಾರು ಯಾರ ನೆಂಟರೆಂದು ಗೆರೆ ಎಳೆದು ತೋರಿಸಿದೆವು. ತಿರುಗಿನ ಕೆಳಗೆ ಐದು ಭಾಷೆಗಳ ಅಕ್ಕತಂಗಿಯರನ್ನು ಬರೆದಾಗ ಹಿಂದಿನ ಸಾಲಿನ ಹುಡುಗಿ ಅದನ್ನು ಬಲು ಎಚ್ಚರಿಕೆಯಿಂದ ಬರೆದುಕೊಂಡಳು. ಬೇಸಗೆಯ ರಜೆಯಲ್ಲಿ ಬೆಂಗಳೂರಿಗೆ ಅದನ್ನು ಒಯ್ಯುವಳೆಂದು ಅವಳ ಮುಖ ನೋಡಿಯೇ ನಮಗೆ ತಿಳಿಯಿತು.

ಬರೆದಾದ ಮೇಲೆ ಅವಳು ರಬ್ಬರ್ ಹಿಡಿದು, “ಸಾರ್, ನಿನ್ನೆ ರಾಟೆ ಎಂದು ಬರೆದದ್ದನ್ನು ಅಳಿಸಿಬಿಡಲೇ?” ಎಂದು ಕೇಳಿದಳು.

“ಅಳಿಸಬೇಡ ಮಗು. ಅದರ ಮೇಲೆ ಒಂದು ಗೆರೆ ಎಳೆ. ಕೆಳಗೆ ಸರಿಯಾದದ್ದನ್ನು ಬರೆ. ಹೇಗೆ ತಪ್ಪಿದೆವು ಎಂಬುದೂ ಪುಸ್ತಕದಲ್ಲಿ ಇರಲಿ” ಎಂದೆವು.

ನಮ್ಮ ಪಾಠದ ಟಿಪ್ಪಣಿಯಲ್ಲಿಯೂ ಆ ಸಾಲಿನ ಮೇಲೆ ಗೆರೆ ಎಳೆದಿದ್ದೇವೆ. ಓದುಗ ಬಂಧುಗಳ ಮನೆಗಳಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದು, ತಿರುಗು ಟರ್ನ್ ಎರಡೂ ಒಂದೇ ಎಂದು ಇಂದಿಗೂ ಹೇಳುತ್ತಿದ್ದರೆ, ಅವರ ಮೇಷ್ಟ್ರು ತಮ್ಮ ಮಾತನ್ನು ಹಿಂದಕ್ಕೆ ಪಡೆದಿದ್ದಾರೆಂದು ದಯಮಾಡಿ ತಿಳಿಸಬೇಕಾಗಿ ಕೋರುತ್ತೇವೆ.